ವಾಚು ತೆಗೆದ ಇಸಿಜಿಯನ್ನು ಓದುವವರು ಯಾರು?

ಕೈಗೆ ಕಟ್ಟಿದ ವಾಚೇ ಈಗ ಇಸಿಜಿ ತೆಗೆಯುತ್ತದೆ. ಅದನ್ನು ಫೋನಿನಲ್ಲಿ ತೋರಿಸಿದರೆ ಡಾಕ್ಟರು “ಮೊದಲು ಒಂದು ಇಸಿಜಿ ಮಾಡಿಸ್ಕೊಂಡು ಬನ್ನಿ” ಅನ್ನುತ್ತಾರೆ. ಇದು ಅವರ ಹಟವಲ್ಲ.

1940ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಬೆನ್ನಿಗೆ ಹೊತ್ತ ಇಸಿಜಿ ದಾಖಲಿಸುವ ಯಂತ್ರ ಸುಮಾರು 38 ಕೆ.ಜಿ. ಇತ್ತು, ಅವರದೇ ಹೆಸರಿನ ಇಂದಿನ ಹೋಲ್ಟರ್ ಅಂಗಿಯೊಳಗೆ ಅಡಗುತ್ತದೆ. ಅದನ್ನು 24 ಗಂಟೆ ಕಟ್ಟಿಕೊಂಡಿದ್ದು ಆಸ್ಪತ್ರೆಗೇ ಮರಳಿಸಬೇಕು. ಕಟ್ಟಿ ಕಳಿಸಿದವರೇ ಓದುತ್ತಾರೆ, ಸಹಿಯನ್ನೂ ಹಾಕುತ್ತಾರೆ.

2018ರಲ್ಲಿ ಆಪಲ್ ವಾಚಿನ ಇಸಿಜಿಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಈ ಕೊಂಡಿ ಕಳಚಿತು. ಪಕ್ಕದ ಗುಂಡಿಯ ಮೇಲೆ 30 ಸೆಕೆಂಡು ಬೆರಳಿಟ್ಟರೆ ಒಂದೇ ಲೀಡಿನ (ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡಿದ) ಗೆರೆ, ಅದರ ಪಿಡಿಎಫ್ ಎರಡೂ ಸಿದ್ಧ. ಏಟ್ರಿಯಲ್ ಫಿಬ್ರಿಲೇಷನ್‌ನಂತಹ ಲಯ ತಪ್ಪಿದ ಬಡಿತವನ್ನು ಅದು ಹಿಡಿಯಬಲ್ಲದು. ಹಾರ್ಟ್ ಅಟ್ಯಾಕನ್ನು ಹಿಡಿಯಲಾರದು, ಕಂಪನಿಯೇ ಹಾಗೆ ಹೇಳುತ್ತದೆ. ಅದಕ್ಕೆ ಆಸ್ಪತ್ರೆಯ 12 ಲೀಡಿನ ಇಸಿಜಿಯೇ ಬೇಕು.

ನಾಡಿಯ ಲಯ ತಪ್ಪಿದಾಗ ಆಪಲ್ ವಾಚು ಕೊಡುವ ಎಚ್ಚರಿಕೆಯನ್ನು ಸ್ಟ್ಯಾನ್‌ಫರ್ಡ್ ವೈದ್ಯರು 4.19 ಲಕ್ಷ ಜನರಲ್ಲಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ. ಅವರಲ್ಲಿ ಇಸಿಜಿ ಪ್ಯಾಚ್ ಅಂಟಿಸಿಕೊಂಡು ಮರಳಿಸಿದವರ ಪೈಕಿ ಶೇ 34ರಷ್ಟು ಜನರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡಿತು. ಎಲ್ಲರೂ ಹೇಳುವುದು ಈ ಅಂಕಿಗಳನ್ನೇ. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ: ಎಚ್ಚರಿಕೆ ಬಂದವರ ಜತೆ ವಿಡಿಯೋದಲ್ಲಿ ಮಾತಾಡಲು ವೈದ್ಯರನ್ನು ನೇಮಿಸಲಾಗಿತ್ತು, ಪ್ಯಾಚ್ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಅಂಗಡಿಯಲ್ಲಿ ಕೊಂಡ ವಾಚಿನ ಡಬ್ಬಿಯಲ್ಲಿ ಆ ವೈದ್ಯರು ಇರುವುದಿಲ್ಲ.

ನಮ್ಮಲ್ಲಿ 2020ರ ಮಾರ್ಚಿನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಮರುವರ್ಷ ಡಿಜಿಟಲ್ ಆರೋಗ್ಯ ಮಿಷನ್ ದೇಶವ್ಯಾಪಿಯಾಯಿತು. ಅದರ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಗೆ ಲ್ಯಾಬ್ ರಿಪೋರ್ಟು, ಡಾಕ್ಟರ ಚೀಟಿ ಜೋಡಿಸಬಹುದು. ಆದರೆ ರಾತ್ರಿ ಎರಡಕ್ಕೆ ವಾಚಿನಲ್ಲಿ ಬಂದ ಎಚ್ಚರಿಕೆಯನ್ನು ಯಾರು ನೋಡಬೇಕು? ಅದಕ್ಕೆ ಫೀಸು ಕೊಡುವವರು ಯಾರು? ನೋಡದೆ ಬಿಟ್ಟರೆ ಹೊಣೆ ಯಾರದು?

ಉತ್ತರವೇ ಇಲ್ಲವೆಂದಲ್ಲ. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂತಹ ಹಬ್ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿಯ ತಜ್ಞರು ಹಾರ್ಟ್ ಅಟ್ಯಾಕ್ ಎಂದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕಿನಲ್ಲೇ ಉಚಿತ. ಯಂತ್ರವೇನೂ ಹೊಸದಲ್ಲ. ಆಚೆ ತುದಿಯಲ್ಲಿ ಓದುವುದೇ ಕೆಲಸವಾದ ಒಬ್ಬರು ಇದ್ದಾರೆ, ಅಷ್ಟೇ.

ವಾಚಿನ ಲೆಕ್ಕಕ್ಕೆ ಅಂಥವರು ಇನ್ನೂ ಸಿಕ್ಕಿಲ್ಲ. ಒಪಿಡಿಗಿಂತ ಮೊದಲು ಅದಕ್ಕೆ ಬೆಲೆ ಕಟ್ಟಿದ್ದು ವಿಮೆಯವರು: ದಿನಕ್ಕೆ ಎಷ್ಟು ಹೆಜ್ಜೆ ಎಂದು ನೋಡಿ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ಪಾಲಿಸಿಗಳು ಮಾರುಕಟ್ಟೆಯಲ್ಲಿ ಆಗಲೇ ಇವೆ.