ಏಷ್ಯನ್ ರೆಸ್ಟೋರೆಂಟಿನಲ್ಲಿ ಹಸಿರು ಚುಕ್ಕೆ ನೋಡಿದರೆ ಸಾಕಾ?

ಪ್ರಶ್ನೆ: ಇಂದಿರಾನಗರದ ಒಂದು ಚಿಕ್ಕ ಏಷ್ಯನ್ ಫ್ಯೂಷನ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ನಾವಿಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಮೆನುವಿನಲ್ಲಿ ಹಸಿರು ಚುಕ್ಕೆ ಇರುವುದನ್ನು ಆರ್ಡರ್ ಮಾಡಿದರೆ ಸಾಕಾ?

ಖಂಡಿತ ಹೋಗಿ. ಆದರೆ ಹಸಿರು ಚುಕ್ಕೆ ಒಂದನ್ನೇ ನಂಬಿ ಆರ್ಡರ್ ಮಾಡಬೇಡಿ.

ಇಂಥ ಕಡೆ ನಮ್ಮವರು ಸಾಮಾನ್ಯವಾಗಿ ಕೇಳುವುದು “ಇದರಲ್ಲಿ ಚಿಕನ್ ಇಲ್ಲ ತಾನೇ?” ಅಂತ. ಸರ್ವರ್ “ಇಲ್ಲ ಸರ್, ವೆಜ್ಜೇ” ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಟ್ಟೆಯಲ್ಲಿ ಕಾಣುವುದು ಸೋಯಾ ಹಾಲಿನಿಂದ ಮಾಡಿದ ತೋಫು, ಅಣಬೆ, ಬ್ರೊಕೊಲಿ ಅಷ್ಟೇ. ಮೀನು ಇದ್ದರೆ ಅದು ಸಾಸಿನಲ್ಲಿ, ಸೂಪಿನ ನೀರಿನಲ್ಲಿ, ಅರೆದ ಮಸಾಲೆಯಲ್ಲಿ ಇರುತ್ತದೆ. ಹಾಗಾಗಿ ನೀವು ಕೇಳಬೇಕಾದ್ದು ಸಾಸಿನ ಬಗ್ಗೆ.

ಥಾಯ್ಲೆಂಡ್, ವಿಯೆಟ್ನಾಂ ಕಡೆ ಎಷ್ಟೋ ಅಡುಗೆಗೆ ಉಪ್ಪಿನ ಜಾಗದಲ್ಲಿ ಫಿಶ್ ಸಾಸ್ ಬೀಳುತ್ತದೆ. ಆಂಚೊವಿ ಅನ್ನುವ ಸಣ್ಣ ಮೀನನ್ನು ಉಪ್ಪಿನ ಜೊತೆ ಬೆರೆಸಿ, ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಕ್ಕೂ ಜಾಸ್ತಿ ಹಾಗೇ ಬಿಡುತ್ತಾರೆ. ಆಮೇಲೆ ಇಳಿಯುವ ಕಂದು ಬಣ್ಣದ ರಸವೇ ಈ ಸಾಸ್. ನಾವು ಒಗ್ಗರಣೆಗೆ ಇಂಗು ಹಾಕುವಷ್ಟೇ ಸಲೀಸಾಗಿ ಅವರು ಅದನ್ನು ಹಾಕುತ್ತಾರೆ. ಸಾರಿಗೆ ಇಂಗು ಹಾಕಿದ್ದೇವೆ ಅಂತ ನಾವೂ ಯಾರಿಗೂ ಹೇಳುವುದಿಲ್ಲ, ಅಲ್ವಾ? ಹಸಿ ಪರಂಗಿಕಾಯಿಯ ಸೋಮ್ ತಾಮ್ ಸಲಾಡ್ ನೋಡಲು ನಮ್ಮ ಕೋಸಂಬರಿಯ ನೆಂಟನ ಹಾಗೇ ಇರುತ್ತದೆ. ಮಾಮೂಲಿ ವಿಧಾನದಲ್ಲಿ ಮಾಡಿದರೆ ಅದರಲ್ಲಿ ಫಿಶ್ ಸಾಸೂ ಇರುತ್ತದೆ, ಒಣ ಸಿಗಡಿಯೂ ಇರುತ್ತದೆ.

ಚೀನೀ ಅಡುಗೆಯಲ್ಲಿ ವಿಚಾರಿಸಬೇಕಾದ್ದು ಆಯ್ಸ್ಟರ್ ಸಾಸ್. ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಲೀ ಕುಮ್ ಶೆಯುಂಗ್ ಎಂಬುವರು 1888ರಲ್ಲಿ ಇದನ್ನು ಶುರು ಮಾಡಿದರು ಅನ್ನುತ್ತಾರೆ. ಸಿಂಪಿ ಬೇಯಿಸಿದ ರಸದಿಂದ ಮಾಡುವುದು. ಸೊಪ್ಪು, ಅಣಬೆ ಹುರಿದಾಗ ಮೇಲೆ ಮಿರಮಿರ ಹೊಳೆಯುವ ಕಂದು ಸಾಸ್ ಕಂಡರೆ ವಿಚಾರಿಸಿ. ಅಣಬೆಯಿಂದ ಮಾಡಿದ ವೆಜ್ ಆಯ್ಸ್ಟರ್ ಸಾಸೂ ಸಿಗುತ್ತದೆ. ಅನುಮಾನ ಇದ್ದರೆ ಬಾಟಲಿ ತಂದು ತೋರಿಸಿ ಅನ್ನಿ, ಅದರಲ್ಲಿ ಮುಜುಗರ ಏನೂ ಇಲ್ಲ. ಪ್ಯಾಕೆಟ್ ಆಹಾರದ ಮೇಲೆ ಹಸಿರು ಚುಕ್ಕೆ ಅಥವಾ ಕಂದು ತ್ರಿಕೋನ ಇರಲೇಬೇಕು ಅನ್ನುವುದು ಕಾನೂನು. ಮೆನುವಿನ ಮೇಲಿನ ಚುಕ್ಕೆಗಿಂತ ಬಾಟಲಿಯ ಮೇಲಿನ ಚುಕ್ಕೆಯನ್ನು ನಾನು ಜಾಸ್ತಿ ನಂಬುತ್ತೇನೆ.

ಜಪಾನಿನ ಅಡುಗೆಗೆ ಬುನಾದಿ ದಾಶಿ ಅನ್ನುವ ತಿಳಿಯಾದ ಕಟ್ಟು. ಕೊಂಬು ಎಂಬ ಕಡಲ ಪಾಚಿ, ಜೊತೆಗೆ ಬೇಯಿಸಿ ಹೊಗೆ ಹಾಕಿ ಒಣಗಿಸಿದ ಬೊನಿಟೊ ಮೀನಿನ ತೆಳು ಹೆರಕಲು, ಇವೆರಡನ್ನೂ ನೀರಿಗೆ ಹಾಕಿ ತೆಗೆದ ಸಾರ ಅದು. ಹುದುಗಿಸಿದ ಸೋಯಾದ ಮೀಸೊ ಸೂಪಿಗೂ ಇದೇ ಬೇಕು. ಕರಿದ ತೋಫುವನ್ನು ಇಟ್ಟು ಕೊಡುವ ಆಗೆದಾಶಿ ತೋಫುವಿನ ಬಟ್ಟಲಲ್ಲೂ ಇದೇ ಇರುತ್ತದೆ. ಕೊರಿಯಾದ ಕಿಮ್ಚಿ ನೋಡಲು ಬರೀ ಕೋಸಿನ ಉಪ್ಪಿನಕಾಯಿ. ಅದಕ್ಕೂ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ ಸೇರಿಸುವುದು ಅಲ್ಲಿನ ರೂಢಿ.

ಹಾಗಂತ ಈ ಅಡುಗೆಗಳೆಲ್ಲ ಮೀನಿಲ್ಲದೆ ಆಗುವುದೇ ಇಲ್ಲ ಅನ್ನುವುದು ತಪ್ಪು. ಜಪಾನಿನ ಬೌದ್ಧ ಮಠಗಳಲ್ಲಿ ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೇ ದಾಶಿ ಮಾಡುತ್ತಾರೆ. ಥಾಯ್ಲೆಂಡಿನ ಫುಕೆಟ್‌ನಲ್ಲಿ ಪ್ರತಿವರ್ಷ 9 ದಿನದ ಸಸ್ಯಾಹಾರದ ಹಬ್ಬವೇ ನಡೆಯುತ್ತದೆ. ಆಗ ವ್ರತ ಹಿಡಿದವರು ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅಂದರೆ ವೆಜ್ ಕೇಳಿದರೆ ಆ ಅಡುಗೆಗೆ ಅವಮಾನ ಮಾಡಿದ ಹಾಗಲ್ಲ. ದಯವಿಟ್ಟು ಸಂಕೋಚ ಬಿಟ್ಟು ಕೇಳಿ.

ರುಚಿ ಹೆಚ್ಚಿಸಲು ಹಾಕುವ ಅಜಿನೊಮೊಟೊ ಪುಡಿಯ ಬಗ್ಗೆಯೂ ತುಂಬ ಜನರಿಗೆ ಅನುಮಾನ ಇದೆ. 1908ರಲ್ಲಿ ಕಿಕುನಾಯೆ ಇಕೆಡ ಎಂಬ ಜಪಾನಿ ರಸಾಯನ ವಿಜ್ಞಾನಿ ಆ ರುಚಿಯನ್ನು ಗುರುತಿಸಿದ್ದು ಕೊಂಬು ಪಾಚಿಯಲ್ಲಿ. ಈಗ ಅದನ್ನು ಕಬ್ಬು, ಮರಗೆಣಸಿನಂಥ ಬೆಳೆಗಳನ್ನು ಹುದುಗಿಸಿ ತಯಾರಿಸುತ್ತಾರೆ. ಅದರಲ್ಲಿ ಮೀನು, ಮಾಂಸ ಇಲ್ಲ.

ಇನ್ನು ಮುಖ್ಯ ವಿಷಯ. ಚಿಕ್ಕ ರೆಸ್ಟೋರೆಂಟಿನಲ್ಲಿ ನಿಮಗೆ ಒಂದು ಅನುಕೂಲ ಇದೆ. ಅಡುಗೆಮನೆ ಪಕ್ಕದಲ್ಲೇ ಇರುತ್ತದೆ, ಶೆಫ್ ಜೊತೆ ನೇರವಾಗಿ ಮಾತಾಡಬಹುದು. ಆದರೆ ಅವರು ಏನನ್ನು ಬದಲಾಯಿಸಬಲ್ಲರು, ಏನನ್ನು ಆಗುವುದಿಲ್ಲ ಅಂತ ನಿಮಗೆ ಗೊತ್ತಿರಬೇಕು. ನೀವು ಹೇಳಿದ ಮೇಲೆ ಬಾಣಲೆಗೆ ಬೀಳುವ ಅಡುಗೆ ಇದ್ದರೆ ತೊಂದರೆ ಇಲ್ಲ. ಫ್ರೈಡ್ ರೈಸ್, ಹುರಿದ ತರಕಾರಿ, ಬೇಸಿಲ್ ಹಾಕಿದ ತೋಫು ಇಂಥವಕ್ಕೆ ಫಿಶ್ ಸಾಸ್ ಬದಲು ಸೋಯಾ ಸಾಸ್ ಹಾಕಿ ಅಂದರೆ ಹಾಕಿಕೊಡುತ್ತಾರೆ. ಬೆಳಗ್ಗೆಯೇ ಆಗಿಹೋದದ್ದನ್ನು ಮಾತ್ರ ಯಾರೂ ಬದಲಾಯಿಸಲಾರರು. ಥಾಯ್ ಗ್ರೀನ್ ಕರಿಯ ಮಸಾಲೆಯನ್ನು ಮೊದಲೇ ಅರೆದಿಟ್ಟಿರುತ್ತಾರೆ ಅಥವಾ ಡಬ್ಬಿಯಲ್ಲಿ ತರಿಸಿರುತ್ತಾರೆ. ಅದರೊಳಗೆ ಸಿಗಡಿ ಪೇಸ್ಟ್ ಇದ್ದರೆ ಮೇಲೆ ಎಷ್ಟು ತೆಂಗಿನ ಹಾಲು ಸುರಿದರೂ ಅದು ಅಲ್ಲೇ ಇರುತ್ತದೆ. ಕಿಮ್ಚಿ, ರಾಮೆನ್ ನೂಡಲ್ಸಿನ ಸಾರು, ಮೋಮೊ ಥರದ ಡಂಪ್ಲಿಂಗ್ ಎಲ್ಲವೂ ಹಾಗೇ. “ವೆಜ್ ಮಾಡಿಕೊಡ್ತೀವಿ ಮೇಡಂ” ಅಂತ ಗ್ರೀನ್ ಕರಿಯ ಬಗ್ಗೆ ಹೇಳಿದರೆ, “ವೆಜ್‌ಗೆ ಮಸಾಲೆ ಬೇರೆ ಅರೀತೀರಾ?” ಅಂತ ಕೇಳಿ. ಹೌದು ಅಂದರೆ ಧೈರ್ಯವಾಗಿ ತಿನ್ನಿ. ಉತ್ತರ ತಡವರಿಸಿದರೆ ಬೇರೆ ಏನಾದರೂ ತೆಗೆದುಕೊಳ್ಳಿ.

ಸಾಧ್ಯವಾದರೆ ಹೋಗುವ ಮುಂಚೆ ಒಂದು ಫೋನ್ ಮಾಡಿ. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲ. ಆ ಹೊತ್ತಿನಲ್ಲಿ ಯಾವ ಅಡುಗೆಮನೆಯಲ್ಲೂ ಬಾಟಲಿ ಓದಲು ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನ ಮೂರೂವರೆ, ನಾಲ್ಕು ಗಂಟೆಗೆ ಮಾಡಿದರೆ ಸಮಾಧಾನವಾಗಿ ಹೇಳುತ್ತಾರೆ.

10 ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ರೆಸ್ಟೋರೆಂಟುಗಳು ಮೆನುವಿನಲ್ಲಿ ಅಲರ್ಜಿ ಮಾಹಿತಿ ಕೊಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಮೀನು, ಸಿಗಡಿ, ಮೊಟ್ಟೆ ಆ ಪಟ್ಟಿಯಲ್ಲಿವೆ. ಅಲರ್ಜಿ ಇಲ್ಲದಿದ್ದರೂ ಅದನ್ನು ಓದಿ, ನಿಮಗೆ ಬೇಕಾದ ಉತ್ತರ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಮೊಟ್ಟೆಯ ವಿಷಯ. ಅಕ್ಕಿ ನೂಡಲ್ಸಿಗೆ ಮೊಟ್ಟೆ ಬೇಡ, ಉಡಾನ್ ಅನ್ನುವ ಜಪಾನಿನ ದಪ್ಪ ಬಿಳಿ ನೂಡಲ್ಸಿಗೂ ಬೇಡ. ಹಳದಿ ಗೋಧಿ ನೂಡಲ್ಸ್ ಆದರೆ ಕೇಳಿಯೇ ಆರ್ಡರ್ ಮಾಡಿ. ಪ್ಯಾಡ್ ಥಾಯ್ ನೂಡಲ್ಸ್ ಅಕ್ಕಿಯದೇ, ಆದರೆ ಹುರಿಯುವಾಗ ಮೊಟ್ಟೆ ಒಡೆದು ಹಾಕುತ್ತಾರೆ. ತರಕಾರಿ ಅದ್ದಿ ಕರಿಯುವ ಟೆಂಪುರದ ಹಿಟ್ಟಿನಲ್ಲೂ ಇರಬಹುದು. ಸುಶಿ ಮೇಲೆ ಗೆರೆ ಎಳೆಯುವ ಮೇಯೊನೀಸ್ ಎಗ್‌ಲೆಸ್ಸಾ ಅಂತಲೂ ವಿಚಾರಿಸಿ.

ಒಂದೇ ಬಾಣಲೆ, ಒಂದೇ ಎಣ್ಣೆ ಅನ್ನುವುದು ನಿಮಗೆ ಸಹಿಸಲಾಗದ ವಿಷಯವಾದರೆ ಮಾತ್ರ ನನ್ನ ಸಲಹೆ ಬೇರೆ. ಚಿಕ್ಕ ಅಡುಗೆಮನೆಯಲ್ಲಿ ಅದನ್ನು ಬೇರೆ ಮಾಡಿಸುವುದು ಕಷ್ಟ. ಪೂರ್ತಿ ಸಸ್ಯಾಹಾರಿ ಏಷ್ಯನ್ ರೆಸ್ಟೋರೆಂಟುಗಳೂ ಇವೆ, ಅಲ್ಲಿಗೆ ಹೋಗಿ. 2014ರಲ್ಲಿ ಮುಂಬೈಯಲ್ಲಿ ಶುರುವಾದ ಬರ್ಮಾ ಬರ್ಮಾ ಬೆಂಗಳೂರಿನಲ್ಲೂ ಇದೆ. ಬರ್ಮಾದಲ್ಲಿ ಒಣ ಸಿಗಡಿ ಹಾಕುವ ಟೀ ಎಲೆಯ ಸಲಾಡನ್ನು ಅವರು ಸಿಗಡಿ ಇಲ್ಲದೆ, ಹುರಿದ ಕಾಳು ಹಾಕಿ ಕೊಡುತ್ತಾರೆ.

ಫ್ಯೂಷನ್ ಅಂದರೆ ಹೊಟ್ಟೆಗೆ ಹಿಡಿಯುತ್ತೋ ಇಲ್ಲವೋ ಅಂತ ನಿಮಗೆ ಅಳುಕಿದ್ದರೆ, ಗೋಬಿ ಮಂಚೂರಿ ನೆನಪು ಮಾಡಿಕೊಳ್ಳಿ. ಅದೂ ಫ್ಯೂಷನ್ನೇ. 1970ರ ದಶಕದಲ್ಲಿ ಮುಂಬೈಯ ನೆಲ್ಸನ್ ವಾಂಗ್ ಎಂಬ ಶೆಫ್ ಚಿಕನ್ ಮಂಚೂರಿಯನ್ ಶುರು ಮಾಡಿದರು ಅನ್ನುತ್ತಾರೆ. ಆಮೇಲೆ ಅದೇ ಸಾಸಿಗೆ ಹೂಕೋಸು ಸೇರಿ ನಮ್ಮ ಬೀದಿಬೀದಿಯ ತಿಂಡಿಯಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಉಪ್ಪು ಹಾಕಿ ಬೇಯಿಸಿದ ಎಡಮಾಮೆ ತೆಗೆದುಕೊಳ್ಳುತ್ತಿದ್ದೆ. ಅದು ಹಸಿ ಸೋಯಾ ಕಾಯಿ. ಅವರೆಕಾಯಿ ಪ್ರಿಯರಿಗೆ ಖಂಡಿತ ಹಿಡಿಸುತ್ತದೆ. ಆಮೇಲೆ ಸೌತೆಕಾಯಿ, ಆವಕಾಡೊ ಸುಶಿ. ಊಟಕ್ಕೆ ಸೋಯಾ ಸಾಸಿನಲ್ಲೇ ಹುರಿದ ತೋಫು ಮತ್ತು ಅನ್ನ. ಸಿಹಿಗೆ ಮೌಸ್, ಜೆಲ್ಲಿ, ಪನ್ನಾ ಕೋಟಾ ಇದ್ದರೆ ಅದಕ್ಕೆ ಜೆಲಾಟಿನ್ ಹಾಕಿದ್ದಾರಾ, ಕಡಲ ಪಾಚಿಯ ಅಗರ್ ಅಗರ್ ಹಾಕಿದ್ದಾರಾ ಅಂತ ಕೇಳಿ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಮಾವಿನ ಕಾಲವಾದರೆ ಮ್ಯಾಂಗೊ ಸ್ಟಿಕ್ಕಿ ರೈಸ್ ಹೇಳಿ. ಅಂಟಕ್ಕಿ, ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಮಾವಿನಹಣ್ಣು. ಅದಕ್ಕೆ ಏನನ್ನೂ ಕೇಳಬೇಕಾಗಿಲ್ಲ.