ಮೊದಲು ಬರೀಲಿ, ಆಮೇಲೆ ಮಾತಾಡಲಿ

ಇಲ್ಲೇ ಸುತ್ತಮುತ್ತಲಿನ ಒಂದು ಇಂಜಿನಿಯರಿಂಗ್ ಕಾಲೇಜು, ಹೆಸರು ಬೇಡ. ಮೇಷ್ಟ್ರುಗಳಿಗೆ ಎರಡು ದಿನದ ತರಬೇತಿ ಕೊಡಲು ಹೋಗಿದ್ದೆ. ಚಹಾ ಬರೋ ಹೊತ್ತಿಗೆ ಎಚ್‌ಓಡಿ ಮೇಡಂ ಒಂದು ದಪ್ಪ ಫೈಲು ತಂದು ಮುಂದಿಟ್ಟರು. "ನಾವೂ ಆ್ಯಕ್ಟಿವ್ ಲರ್ನಿಂಗ್ ಮಾಡ್ತೀವ್ರಿ ಸರ್. ಪ್ರತಿ ಮಾಡ್ಯೂಲಿಗೂ ಒಂದು ಆ್ಯಕ್ಟಿವಿಟಿ." ಅಂದ್ರೆ ಹುಡುಗರು ಬರೀ ಕೇಳಿಸಿಕೊಂಡು ಕೂರೋ ಬದಲು ತಾವೇ ಮಾಡಿ ಕಲಿಯೋದು. ಫೈಲಿನ ತುಂಬ ಫೋಟೋಗಳು. ಆರಾರು ಹುಡುಗರ ಗುಂಪು, ನಡುವೆ ಚಾರ್ಟ್ ಪೇಪರು, ಬಣ್ಣಬಣ್ಣದ ಸ್ಕೆಚ್ ಪೆನ್ನು. ಕೋರ್ಸುಗಳಿಗೆ ಮಾನ್ಯತೆ ಕೊಡೋ ಎನ್‌ಬಿಎ ತಂಡ ಬಂದರೆ ಖುಷಿಪಡುತ್ತೆ, ಅದರಲ್ಲಿ ಅನುಮಾನ ಇಲ್ಲ.

ನಾನು ಒಂದೇ ಒಂದು ಫೋಟೋ ಹಿಡಿದು ನೋಡಿದೆ. ಒಬ್ಬಳು ಬರೀತಿದ್ದಾಳೆ. ಒಬ್ಬ ಅವಳಿಗೆ ಸ್ಕೇಲು ಹಿಡಿದಿದ್ದಾನೆ. ಇಬ್ಬರು ಕ್ಯಾಮೆರಾ ನೋಡಿ ನಗ್ತಿದ್ದಾರೆ. ಉಳಿದಿಬ್ಬರ ನೆತ್ತಿ ಮಾತ್ರ ಕಾಣುತ್ತೆ, ಬೆಂಚಿನ ಕೆಳಗೆ ಮೊಬೈಲು. "ಮೇಡಂ, ಇದರಾಗ ಆ್ಯಕ್ಟಿವ್ ಯಾರು?" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಆದರೆ ಇದೇ ಫೋಟೋವನ್ನ ಬೇರೆ ಬೇರೆ ಕಾಲೇಜಿನ ಫೈಲುಗಳಲ್ಲಿ ಎಷ್ಟು ಸಲ ನೋಡಿದೀನಿ ಅಂದ್ರೆ, ಈ ಸಲ ಬರೆದೇಬಿಡೋಣ ಅನ್ನಿಸಿತು.

ಬರೀ ಲೆಕ್ಚರ್ ಸಾಲದು ಅಂತ ನಾನಿಲ್ಲಿ ವಾದ ಮಾಡಲ್ಲ. ಅಮೆರಿಕದಲ್ಲಿ ವಿಜ್ಞಾನ, ಇಂಜಿನಿಯರಿಂಗ್, ಗಣಿತದ ಪಾಠಗಳ ಮೇಲಿನ 225 ಅಧ್ಯಯನಗಳನ್ನ ಒಟ್ಟಿಗಿಟ್ಟು 2014ರಲ್ಲಿ ಲೆಕ್ಕ ಹಾಕಿದರು. ಲೆಕ್ಚರ್ ಮಾತ್ರ ಇದ್ದ ಕಡೆ ನೂರಕ್ಕೆ ಸುಮಾರು 34 ಮಂದಿ ಫೇಲು, ಹುಡುಗರಿಂದ ಕೆಲಸ ಮಾಡಿಸಿದ ಕಡೆ ಸುಮಾರು 22. ಆ ಜಗಳ ಮುಗೀತು. ನನ್ನ ತಕರಾರು ಒಂದೇ: ಗುಂಪು ಕೂರಿಸುವ ಮೊದಲು ಒಬ್ಬೊಬ್ಬರ ಕೈಲೂ ಉತ್ತರ ಬರೆಸಿ. ಒಂದೇ ಸಾಲು, ಒಂದೇ ಅಕ್ಷರ ಆದರೂ ಸರಿ. ಇಷ್ಟನ್ನ ಯಾರೂ ಮಾಡಲ್ಲ.

ತರಬೇತಿಗೆ ಬಂದವರೆಲ್ಲ 'ಥಿಂಕ್-ಪೇರ್-ಶೇರ್' ಅಂತ ಬಾಯಿಪಾಠ ಒಪ್ಪಿಸುತ್ತಾರೆ. 1981ರಲ್ಲಿ ಮೇರಿಲ್ಯಾಂಡಿನ ಫ್ರಾಂಕ್ ಲೈಮನ್ ಅನ್ನೋರು ಹಾಕಿಕೊಟ್ಟ ಹಾದಿ. ಮೊದಲು ಯೋಚನೆ, ಆಮೇಲೆ ಜೋಡಿ, ಆಮೇಲೆ ಇಡೀ ತರಗತಿ. ನಮ್ಮ ಕ್ಲಾಸುಗಳಲ್ಲಿ ನಡೆಯೋದು ಏನು? "ಡಿಸ್ಕಸ್ ಮಾಡ್ರಿ" ಅಂತ ಸೀದಾ ಜೋಡಿಗೇ ಜಿಗಿತ. ಮೂರರಲ್ಲಿ ಮೊದಲನೇದನ್ನೇ ನುಂಗಿಬಿಟ್ಟರೆ ಉಳಿಯೋದು ಸಂತೆ.

ಒಂದು ಉದಾಹರಣೆ ಹೇಳ್ತೀನಿ. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ಕ್ಲಾಸು. 60 ವ್ಯಾಟಿನ ಒಂದು ಬಲ್ಬು, 100 ವ್ಯಾಟಿನ ಒಂದು ಬಲ್ಬು. ಎರಡನ್ನೂ ಸೀರೀಸಿನಲ್ಲಿ, ಅಂದ್ರೆ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಬೆಳಗುತ್ತೆ? ಒಂದು, 100ರದು. ಎರಡು, 60ರದು. ಮೂರು, ಎರಡೂ ಒಂದೇ ಸಮ. ಇದಕ್ಕಾಗಿ ಹಳೇ ಕಾಲದ ತಂತಿ ಬಲ್ಬು ಬೇಕು, ಎಲ್‌ಇಡಿ ನಡೆಯಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಮೂರು ಅಂಗಡಿ ತಿರುಗಿದೆ. "ಈಗ ಅದನ್ಯಾರ ಕೇಳ್ತಾರ್ರೀ ಸರ, ಎಲ್‌ಇಡಿ ಒಯ್ರಿ" ಅಂದರು. ನಾಲ್ಕನೇ ಅಂಗಡಿಯವರು ಅಟ್ಟದಿಂದ ಧೂಳು ಹೊಡೆದು ತೆಗೆದುಕೊಟ್ಟರು, ರೊಕ್ಕ ಮಾತ್ರ ಹೊಸ ಕಾಲದ್ದೇ ತಗೊಂಡರು.

ಪ್ರಶ್ನೆ ಬೋರ್ಡಿನ ಮೇಲೆ ಬರೆದೆ. "ಬಾಯಿ ಮುಚ್ಚಿ. ನೋಟ್‌ಬುಕ್ಕಿನಲ್ಲಿ ನಂಬರ್ ಬರೀರಿ, ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು. ಎರಡು ನಿಮಿಷ." ಆಮೇಲೆ ಎಲ್ಲರೂ ಒಟ್ಟಿಗೆ ಬೆರಳು ಎದೆಗೆ ಹಿಡಿದು ತೋರಿಸಬೇಕು, ಮೇಲೆತ್ತಬಾರದು. ಮೇಲೆತ್ತಿದರೆ ಹಿಂದಿನವನು ಮುಂದಿನವನ ಬೆರಳು ಎಣಿಸ್ತಾನೆ. ಅರ್ಧ ಕ್ಲಾಸು ಒಂದು ಬೆರಳು ತೋರಿಸಿತು. ಎರಡು ಬೆರಳು ಮೂರನೇ ಒಂದು ಪಾಲು ಇದ್ದಿರಬಹುದು. ಇವರೆಲ್ಲ ಓಮ್‌ನ ನಿಯಮ ನಿದ್ದೆಯಲ್ಲೂ ಹೇಳುವವರು. ಕಿರ್ಚಾಫ್ ಲೆಕ್ಕ ಕೊಟ್ಟರೆ ಐದು ನಿಮಿಷಕ್ಕೆ ಬಿಡಿಸುವವರು.

"ಈಗ ಬೇರೆ ಉತ್ತರ ಬರೆದವರನ್ನ ಹುಡುಕಿ ಒಪ್ಪಿಸ್ರಿ" ಅಂದೆ. ಮೂರನೇ ಬೆಂಚಿನ ಮಾತು ಕಿವಿಗೆ ಬಿತ್ತು. 

"ಬಲ್ಬಿನ ಮ್ಯಾಲ 100 ಅಂತ ಬರದಾರಲ್ಲ, ಅದೇನ್ ಸುಳ್ಳನ?" 

"ಪೂರಾ 230 ಸಿಕ್ಕರ 100 ಲೇ. ಇಲ್ಲಿ ಎರಡೂ ಹಂಚ್ಕೊಂಡಾವಲ್ಲ." 

ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ, ಇಷ್ಟು ಚೊಕ್ಕವಾಗಿ ನನಗೇ ಹೇಳೋಕೆ ಬಂದಿಲ್ಲ. ಬಲ್ಬಿನ ಮೇಲೆ ಬರೆದ ವ್ಯಾಟು ಬಲ್ಬಿನ ಗುಣ ಅಲ್ಲ, 230 ವೋಲ್ಟಿಗೆ ಅದು ಎಳೆಯುವ ಲೆಕ್ಕ. 60ರ ತಂತಿಯ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 880 ಓಮ್, 100ರದು 529. ಸೀರೀಸಿನಲ್ಲಿ ಕರೆಂಟು ಎರಡಕ್ಕೂ ಒಂದೇ, ಹಾಗಾಗಿ ರೆಸಿಸ್ಟೆನ್ಸ್ ಜಾಸ್ತಿ ಇದ್ದದ್ದೇ ಜಾಸ್ತಿ ಬೆಳಗುತ್ತೆ. ಕಾಗದದ ಲೆಕ್ಕದಲ್ಲಿ 60ರದಕ್ಕೆ 23 ವ್ಯಾಟು, 100ರದಕ್ಕೆ 14. ನಿಜದಲ್ಲಿ ತಂತಿ ತಣ್ಣಗಿದ್ದರೆ ರೆಸಿಸ್ಟೆನ್ಸ್ ಇಳಿಯುತ್ತೆ, ಇಲ್ಲಿ ಹೆಚ್ಚು ತಣ್ಣಗಿರೋದು 100ರ ತಂತಿ, ಆದ್ದರಿಂದ ಅಂತರ ಇನ್ನೂ ಜಾಸ್ತಿ.

ಸ್ವಿಚ್ ಒತ್ತಬೇಕು, ಕರೆಂಟು ಹೋಯ್ತು. ಆ ವಿಂಗಿಗೆ ಜನರೇಟರ್ ಇಲ್ಲ. "ನಾಳೆ ನೋಡೋಣ" ಅಂದೆ. ಮರುದಿನ ಬೆಳಗಿನ ಮೊದಲ ಪೀರಿಯಡ್ಡು, ಸಾಮಾನ್ಯವಾಗಿ ಅರ್ಧ ಹುಡುಗರು ಇನ್ನೂ ಚಿಗರಿ ಬಸ್ಸಿನಲ್ಲೇ ಇರುವ ಹೊತ್ತು. ಅವತ್ತು ಬೆಂಚು ಖಾಲಿ ಇರಲಿಲ್ಲ. 60ರ ಬಲ್ಬು ಹತ್ತಿಕೊಂಡು 100ರದು ಕೆಂಪು ದಾರದ ಹಾಗೆ ಮಿಣಿಮಿಣಿ ಅಂದಾಗ ಎದ್ದ ಕೂಗಿಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿದರು.

ಬರೆಸದೇ ಇದ್ದಿದ್ದರೆ ಈ ಕೂಗು ಇರ್ತಿರಲಿಲ್ಲ. ಇದನ್ನೇ ನಾನು ತಲೆ ಚಚ್ಚಿಕೊಂಡು ಹೇಳೋದು. ಬರೆಯದ ಹುಡುಗನಿಗೆ ಉತ್ತರ ಗೊತ್ತಾದ ತಕ್ಷಣ ಏನನ್ನಿಸುತ್ತೆ? "ಹೌದು, ನಾನೂ ಅದನ್ನೇ ಅಂದ್ಕೊಂಡಿದ್ದೆ." ಸುಳ್ಳು ಹೇಳ್ತಿಲ್ಲ ಪಾಪ, ಅವನಿಗೆ ಹಾಗೇ ಅನ್ನಿಸುತ್ತೆ. ತಾನು ತಪ್ಪು ತಿಳಿದಿದ್ದೆ ಅನ್ನೋದೇ ಅವನಿಗೆ ಗೊತ್ತಾಗಲ್ಲ, ಗೊತ್ತಾಗದ್ದನ್ನ ತಿದ್ದಿಕೊಳ್ಳೋದು ಹೇಗೆ? ನೋಟ್‌ಬುಕ್ಕಿನಲ್ಲಿ 'ಒಂದು' ಅಂತ ಬರೆದವನಿಗೆ ತಪ್ಪಿಸಿಕೊಳ್ಳೋ ದಾರಿ ಇಲ್ಲ. ಬಾಜಿ ಕಟ್ಟಿದವನು ಕುಸ್ತಿ ನೋಡುವ ಪರಿಯೇ ಬೇರೆ, ಅಲ್ವಾ?

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಇದು ದೊಡ್ಡದು. ನಮ್ಮ ಕ್ಲಾಸಿನಲ್ಲಿ ಹಾವೇರಿ, ಸವಣೂರು, ರೋಣದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿರುತ್ತಾರೆ. ಇಂಗ್ಲಿಷಿನ ಪ್ರಶ್ನೆ ಓದಿ, ಮನಸ್ಸಿನಲ್ಲೇ ಕನ್ನಡ ಮಾಡ್ಕೊಂಡು, ಆಮೇಲೆ ಯೋಚನೆ ಶುರು. ಅಷ್ಟರಲ್ಲಿ ಮುಂದಿನ ಬೆಂಚಿನ ಜಾಣ ಉತ್ತರ ಒದರಿರುತ್ತಾನೆ. ಆ ಎರಡು ನಿಮಿಷ ಈ ಮಕ್ಕಳ ಪಾಲಿನದು. ಅದನ್ನ ಕಿತ್ಕೊಂಡು "ಇವರು ಕ್ಲಾಸಿನಲ್ಲಿ ಮಾತೇ ಆಡಲ್ಲ" ಅಂತ ಸ್ಟಾಫ್ ರೂಮಿನಲ್ಲಿ ದೂರುವವರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ಆಸುಪಾಸಿನಲ್ಲಿ, ನನ್ನ ಬಲ್ಬಿನ ಕ್ಲಾಸಿನಲ್ಲಿ ಕಂಡದ್ದನ್ನೇ ಕಂಡುಕೊಂಡರು. ಅವರ ಹುಡುಗರು ಎರಡು ಲೂಪಿನ ಸರ್ಕ್ಯೂಟ್ ಲೆಕ್ಕ ಬಿಡಿಸುತ್ತಿದ್ದರು, ಮೂರು ಬಲ್ಬಿನ ಒಂದು ಸರಳ ಪ್ರಶ್ನೆಗೆ ತಡವರಿಸುತ್ತಿದ್ದರು. ಅವರ ಅಂದಾಜಿನ ಪ್ರಕಾರ ಮೊದಲ ಸುತ್ತಿನಲ್ಲಿ ನೂರಕ್ಕೆ 30ರಿಂದ 70ರಷ್ಟು ಮಂದಿ ಸರಿ ಹೇಳಿದರೆ ಮಾತಾಡಲು ಬಿಡಬೇಕು. ಅದಕ್ಕಿಂತ ಕಡಿಮೆ ಆದರೆ ಮತ್ತೆ ಪಾಠ, ಜಾಸ್ತಿ ಆದರೆ ಮುಂದಕ್ಕೆ. ಬರೆಸಿ ಎಣಿಸದಿದ್ದರೆ ಈ ನಿರ್ಧಾರ ಮಾಡೋದಾದರೂ ಹೇಗೆ?

ತಪ್ಪು ಆಯ್ಕೆಗಳನ್ನ ಎಲ್ಲಿಂದ ತರೋದು ಅಂತ ಕೇಳ್ತಾರೆ. ಹುಡುಗರು ಟೆಸ್ಟ್ ಬರೆಯೋ ಬ್ಲೂ ಬುಕ್ಕಿನಿಂದ, ಇನ್ನೆಲ್ಲಿಂದ? ಇಂಟರ್ನಲ್ಸ್ ತಿದ್ದುವಾಗ ಹತ್ತಾರು ಹುಡುಗರು ಒಂದೇ ತಪ್ಪು ಮಾಡಿರುತ್ತಾರೆ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮುಂದೆ ಹೋಗಬೇಡಿ, ಅದನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಪ್ರಶ್ನೆ ರೆಡಿ.

ಪೋರ್ಷನ್ ಮುಗಿಯಲ್ಲ ಅನ್ನೋ ಭಯ ಸುಳ್ಳಲ್ಲ. ಹಾಗಾಗಿ ವಾರಕ್ಕೆ ಒಂದೋ ಎರಡೋ ಪ್ರಶ್ನೆ ಸಾಕು. ಪ್ರತಿ ವಿಷಯಕ್ಕೂ ಇದು ಹೊಂದುತ್ತೆ ಅಂತಲೂ ನಾನು ಹೇಳಲ್ಲ. ಉದ್ದದ ಡೆರಿವೇಶನ್ ಇದ್ದರೆ ಬೋರ್ಡಿಗೆ ತಿರುಗಿ ಧಾರಾಳವಾಗಿ ಪಾಠ ಮಾಡಿ. ಲ್ಯಾಬಿನ ಕಥೆಯೇ ಬೇರೆ.

ಇನ್ನೊಂದು ಎಚ್ಚರಿಕೆ. ಹುಡುಗರು ಇದನ್ನ ಮೊದಮೊದಲು ಮೆಚ್ಚಲ್ಲ. ಒಂದು ಸೆಮಿಸ್ಟರ್ ನನ್ನ ಫೀಡ್‌ಬ್ಯಾಕಿನಲ್ಲಿ "ಸರ್ ಪಾಠಾನೇ ಮಾಡಲ್ಲ, ನಮಗೇ ಕೇಳ್ತಾರೆ" ಅಂತ ಬಂತು. ಎರಡು ದಿನ ಊಟ ರುಚಿಸಲಿಲ್ಲ. ಮುಂದೆ 2019ರಲ್ಲಿ ಹಾರ್ವರ್ಡಿನಿಂದ ಬಂದ ಒಂದು ಅಧ್ಯಯನ ಓದಿ ಸಮಾಧಾನ ಆಯ್ತು. ಅಲ್ಲಿಯೂ ಕೈಯಾರೆ ಮಾಡಿ ಕಲಿತ ಹುಡುಗರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದಿದ್ದರು, ಆದರೆ ತಾವು ಕಡಿಮೆ ಕಲಿತೆವು ಅಂತ ಅಂದ್ಕೊಂಡಿದ್ದರು. ಈಗ ಸೆಮಿಸ್ಟರಿನ ಮೊದಲ ವಾರವೇ ಹುಡುಗರಿಗೆ ಈ ಮಾತು ಹೇಳಿಬಿಡ್ತೀನಿ. ಪ್ರಿನ್ಸಿಪಾಲರಿಗೂ ಒಂದು ಮಾತು ಹೇಳಿಟ್ಟಿರೋದು ಒಳ್ಳೇದು.

ಆ ಕಾಲೇಜಿನ ಮೇಡಂ ಮೊನ್ನೆ ಫೋನ್ ಮಾಡಿದ್ದರು. ಬರೆಸಿ ನೋಡಿದರಂತೆ. "ಎಲ್ಲಾ ಛಲೋ ಆತ್ರಿ ಸರ್, ಆದ್ರ ಎರಡು ನಿಮಿಷ ಸುಮ್ನಿರೋದು ಭಾಳ ಕಷ್ಟ. ಒಂದು ನಿಮಿಷಕ್ಕೇ ನಾನೇ ಹಿಂಟ್ ಕೊಟ್ಟುಬಿಟ್ಟೆ" ಅಂದರು. 

"ಮುಂದಿನ ಸಲ ಡಸ್ಟರ್ ತಗೊಂಡು ಬೋರ್ಡ್ ಒರಸ್ರಿ ಮೇಡಂ" ಅಂದೆ. "ಸಾವಕಾಶ ಒರಸ್ರಿ. ಪ್ರಶ್ನೆ ಒಂದು ಬಿಟ್ಟು."