ಏಳು ದಿನದಲ್ಲಿ ಬಂದ ಹೊಳಪು

ಹೋದ ತಿಂಗಳು ರಾಯಚೂರಿನ ನಮ್ಮ ಕ್ಲಿನಿಕ್ಕಿಗೆ ಒಬ್ಬ ಹುಡುಗಿ ಅವ್ವನ ಜೊತೆ ಬಂದಿದ್ದಳು. ಮದುವೆಗೆ ಇನ್ನು ಎರಡೇ ತಿಂಗಳು. ಕ್ಯಾರಿಬ್ಯಾಗಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದಳು: ಮೂರು ಸೀರಮ್, ಒಂದು ಫೇಸ್‌ವಾಶ್, ಒಂದು ಸಣ್ಣ ಟ್ಯೂಬು. ಎಲ್ಲವೂ ರೀಲ್ಸ್ ನೋಡಿ ತರಿಸಿದ್ದು.

“ಈ ಟ್ಯೂಬು ಹಚ್ಚಿದ ಏಳು ದಿನದಾಗ ಹೊಳಪು ಬಂತ್ರಿ ಮೇಡಂ. ಈಗ ಒಂದಿನ ಬಿಟ್ರೂ ಉರೀತದ.”

ಏಳು ದಿನ ಅಂದ ಕೂಡಲೇ ನನಗೆ ಅನುಮಾನ ಬಂತು. ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ವಯಸ್ಸಾದಂತೆ ಇನ್ನೂ ಜಾಸ್ತಿ. ಬಣ್ಣ ತಿಳಿಯಾಗುವ ಕೆಲಸ ಆ ಲೆಕ್ಕದಲ್ಲೇ ನಡೆಯಬೇಕು. ಟ್ಯೂಬು ತಿರುಗಿಸಿ ಕನ್ನಡಕ ಏರಿಸಿ ಓದಿದೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬೀಟಾಮೆಥಾಸೋನ್ ಅಂತ ಇತ್ತು. ಸ್ಟೆರಾಯ್ಡ್. ಇಂಥದ್ದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದವರಿಗೆ ಸಿಗುತ್ತದೆ.

ಸ್ಟೆರಾಯ್ಡ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕೆಂಪು ಇಳಿಸುತ್ತದೆ. ಮುಖ ತಿಳಿಯಾದಂತೆ ಕಾಣುತ್ತದೆ. ವಿಡಿಯೋ ಮಾಡಿದವರು ತೋರಿಸುವುದು ಈ ಮೊದಲ ವಾರವನ್ನು. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗುತ್ತದೆ, ಕೆನ್ನೆ ಮೇಲೆ ಸಣ್ಣ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲೂ ಬೆಳೆಯಬಹುದು. ಬಿಟ್ಟರೆ ಉರಿ. ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಈ ಹುಡುಗಿ ನಾಲ್ಕು ತಿಂಗಳು ಹಚ್ಚಿದ್ದಳು.

ಅವಳ ಫೋನಿನಲ್ಲೇ ಆ ರೀಲ್ ಹಾಕಿಸಿ, ನಿಲ್ಲಿಸಿ ದೊಡ್ಡದು ಮಾಡಿದೆ. ರೀಲಿನಲ್ಲಿದ್ದಾಕೆಯ ಮೂಗಿನ ಮೇಲೆ ಒಂದೂ ರಂಧ್ರ ಇರಲಿಲ್ಲ. ಹಸುಗೂಸಿನ ಮೂಗಿನ ಮೇಲೂ ಸಣ್ಣ ರಂಧ್ರಗಳು ಇರುತ್ತವೆ, ಅಲ್ವಾ? ಕಣ್ಣಲ್ಲಿ ರಿಂಗ್‌ಲೈಟಿನ ಬಿಳಿ ಬಳೆ ಕಾಣುತ್ತಿತ್ತು. ಹಾಗಂತ ಆಕೆ ಸುಳ್ಳೇ ಹೇಳುತ್ತಾಳೆ ಅನ್ನಲಾರೆ. ಲೇಸರ್, ಇಲ್ಲವೇ ಚರ್ಮದ ಮೇಲ್ಪದರ ತೆಗೆಯುವ ಪೀಲ್ ಮಾಡಿಸಿಕೊಂಡಿರಬಹುದು, ಅದನ್ನು ಹೇಳಿಲ್ಲ ಅಷ್ಟೆ. ದುಡ್ಡು ತಗೊಂಡು ಹೊಗಳಿದರೆ ಜಾಹೀರಾತು ಅಂತ ಹಾಕಲೇಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಉಂಟು. ಪೇಯ್ಡ್, ಸ್ಪಾನ್ಸರ್ಡ್ ಅಂತ ಮೂಲೆಯಲ್ಲಿ ಸಣ್ಣಗೆ ಕಂಡರೆ ಅದನ್ನೇ ಮೊದಲು ಓದಿ.

ಉಳಿದ ಬಾಟಲಿಗಳದ್ದು ಬೇರೆ ಕಥೆ. ರಂಧ್ರ ಮುಚ್ಚುವ ಸೀರಮ್ ಒಂದಿತ್ತು. ರಂಧ್ರಕ್ಕೇನು ಬಾಗಿಲಿದೆಯೇ ಮುಚ್ಚಲಿಕ್ಕೆ! ಎಣ್ಣೆ ಕಡಿಮೆಯಾದರೆ ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ಅಷ್ಟೇ. ವಿಟಮಿನ್ ಸಿ ಸೀರಮ್ ಚಹಾದ ಬಣ್ಣಕ್ಕೆ ತಿರುಗಿತ್ತು. ಅವಳು ಅದನ್ನು ಇಟ್ಟದ್ದು ತಗಡಿನ ಚಾವಣಿಯ ಕೋಣೆಯಲ್ಲಿ, ಕಿಟಕಿ ಪಕ್ಕದ ಕಪಾಟಿನಲ್ಲಿ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಗೆ, ಬೆಳಕಿಗೆ ಅದು ಕೆಟ್ಟಿತ್ತು. ಸುಮ್ನೆ ದುಡ್ಡು ಹೋಯಿತು.

ಹಾಗಾದರೆ ಏನನ್ನು ನಂಬಬಹುದು? ಒಣಗಿದ ಚರ್ಮಕ್ಕೆ ಮಾಯಿಶ್ಚರೈಸರ್ ಹಚ್ಚಿದರೆ ಅವತ್ತೇ ಗೊತ್ತಾಗುತ್ತದೆ. ಮೊಡವೆ ಔಷಧಿಗೆ ಎಂಟರಿಂದ ಹನ್ನೆರಡು ವಾರ ಕೊಡಬೇಕು. ಬಂಗು, ಅಂದರೆ ಮುಖದ ಮೇಲಿನ ಕಂದು ಕಲೆ, ತಿಳಿಯಾಗಲು ತಿಂಗಳುಗಟ್ಟಲೆ ಬೇಕು, ಬಿಸಿಲಿಗೆ ಮತ್ತೆ ಬರುತ್ತದೆ. ಅದಕ್ಕೇ ಸನ್‌ಸ್ಕ್ರೀನ್. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಬೇಕು. ಚುಕ್ಕೆ ಚುಕ್ಕೆ ಇಟ್ಟುಕೊಂಡರೆ ಡಬ್ಬಿ ಮೇಲಿನ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿ, ಸಿಗುವುದಿಲ್ಲ.

ಸ್ಟೆರಾಯ್ಡನ್ನು ಒಮ್ಮೆಲೇ ನಿಲ್ಲಿಸದೆ ಕಡಿಮೆ ಶಕ್ತಿಯದ್ದಕ್ಕೆ ಇಳಿಸಿದೆ. ಆದರೂ ಕೆಲವು ವಾರ ಮುಖ ಕೆಂಪಾಗುತ್ತದೆ, ಹೆದರಿ ಹಳೇ ಟ್ಯೂಬು ಹಚ್ಚಬೇಡ ಅಂತ ಹೇಳಿ ಕಳಿಸಿದೆ.

“ಫೋಟೋಕ್ಕ ಹೆಂಗ್ರಿ ಮತ್ತ?” ಅಂದರು ಅವ್ವ. ಅದನ್ನು ಫೋಟೋಗ್ರಾಫರ್ ನೋಡಿಕೊಳ್ಳುತ್ತಾನೆ ಅಂದೆ.

ಹತ್ತನೇ ದಿನ ಹುಡುಗಿಯ ಫೋನು ಬಂತು. “ಮೇಡಂ, ಜಾಸ್ತಿ ಆಗ್ಯಾದ.”

“ಟ್ಯೂಬು ಹಚ್ಚೀಯೇನು?”

“ಇಲ್ರಿ. ಅವ್ವ ಬಚ್ಚಿಟ್ಟಾಳ.”